ಮೈನಸ್ ಮೂವತ್ತು ತಡೆಯುವ ಆಪ್ರಿಕಾಟ್ ಗಿಡಕ್ಕೆ ಮಡಿಕೇರಿ ಚಳಿ ಸಾಲುತ್ತಿಲ್ಲ, ಏನು ಮಾಡಲಿ?

ಗಾಳಿಬೀಡು ತೋಟ · ಆಗಸ್ಟ್ 3

ಎಲ್ಲರಿಗೂ ನಮಸ್ಕಾರ. ಕಕ್ಕಡದ ಮಳೆ ಬಿಡದೆ ಹೊಡೆಯುತ್ತಿದೆ, ತೋಟದಲ್ಲಿ ಕೆಲಸ ನಿಂತಿದೆ. ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದನ್ನು ಇವತ್ತು ಬರೆಯುತ್ತಿದ್ದೇನೆ.

2018ರಲ್ಲಿ ಲಡಾಖ್‌ಗೆ ಹೋಗಿದ್ದೆವು. ಆಲ್ಚಿ ಹತ್ತಿರ ಒಂದು ಮನೆಯ ಅಂಗಳದಲ್ಲಿ ಮರದಿಂದ ಆಗಷ್ಟೇ ಕಿತ್ತ ಆಪ್ರಿಕಾಟ್ ಕೊಟ್ಟರು. ಅಂಗಡಿಯಲ್ಲಿ ಒಣಗಿಸಿ ಮಾರುವ ಜರ್ದಾಳು ಮಾತ್ರ ಗೊತ್ತಿದ್ದ ನನಗೆ ಆ ಹಣ್ಣಿನ ಬಿಸಿ, ರಸ, ವಾಸನೆ ಇವತ್ತಿಗೂ ಮರೆತಿಲ್ಲ. ತಿಂದ ಓಟೆಗಳನ್ನು ತೊಳೆದು ಜೇಬಿಗೆ ಹಾಕಿಕೊಂಡು ಬಂದೆ.

ಮನೆಗೆ ಬಂದು ಎಂಟು ಓಟೆಗಳನ್ನು ಒದ್ದೆ ಮರಳಿನಲ್ಲಿ ಹಾಕಿ ಮೂರು ತಿಂಗಳು ಫ್ರಿಜ್‌ನಲ್ಲಿಟ್ಟೆ. ಐದು ಮೊಳೆತವು. ಈಗ ಉಳಿದಿರುವುದು ಎರಡು. ಒಂದನ್ನು ಮನೆ ಕೆಳಗಿನ ಇಳಿಜಾರಿನಲ್ಲಿ ನೆಲಕ್ಕೆ ಹಾಕಿದ್ದೇನೆ, ಹನ್ನೆರಡು ಅಡಿ ಬೆಳೆದಿದೆ. ಇನ್ನೊಂದು ಅರ್ಧ ಕತ್ತರಿಸಿದ ಡ್ರಮ್‌ನಲ್ಲಿದೆ. ಅದಕ್ಕೆ ಜಾಗ ಸಿಗದೆ ಹಂಚಿನ ಮಾಡಿನ ಕೆಳಗೆ, ಮಳೆ ಬೀಳದ ಕಡೆ ಇಟ್ಟಿದ್ದೆ. ಅದು ಆರು ಅಡಿ ಇದೆ.

ನೆಲದ ಗಿಡ ಇವತ್ತಿನವರೆಗೆ ಒಂದು ಹೂವೂ ಬಿಟ್ಟಿಲ್ಲ. ಪ್ರತಿ ಮಳೆಗಾಲ ಕಾಂಡದಿಂದ ಅಂಟು ಸುರಿಯುತ್ತದೆ. ಇವತ್ತು ಬೆಳಗ್ಗೆ ಕೊಡೆ ಹಿಡಿದು ಹೋಗಿ ನೋಡಿದೆ. ಕವಲಿನ ಸಂದಿಯಲ್ಲಿ ಜೇನಿನ ಬಣ್ಣದ ಅಂಟು ಹೆಬ್ಬೆರಳಿನಷ್ಟು ದಪ್ಪ ಉಬ್ಬಿ ನಿಂತಿತ್ತು. ಒತ್ತಿದರೆ ಜೆಲ್ಲಿ ತರ ಒಳಕ್ಕೆ ಹೋಗುತ್ತದೆ. ಅದರ ಕೆಳಗಿನ ತೊಗಟೆ ಕಂದಿದೆ.

ಡ್ರಮ್ ಗಿಡದ ಕತೆ ಬೇರೆ. ಅಂಟು ಇಲ್ಲ, ತೊಗಟೆ ಚೆನ್ನಾಗಿದೆ. ಕಳೆದ ಎರಡು ವರ್ಷದಿಂದ ನವೆಂಬರ್ ಹೊತ್ತಿಗೆ ಗುಂಡುಗುಂಡಗೆ ಮೊಗ್ಗು ಕಟ್ಟುತ್ತದೆ. ಜನವರಿ ಕೊನೆಗೆ ಕೊಂಬೆಯನ್ನು ಸುಮ್ನೆ ಮುಟ್ಟಿದರೂ ಸಾಕು, ಮೊಗ್ಗೆಲ್ಲ ಉದುರಿ ಬೀಳುತ್ತದೆ.

ಮೈನಸ್ 20, ಮೈನಸ್ 30 ತಡೆದುಕೊಳ್ಳುವ ಮರ ಇದು. ನಮ್ಮಲ್ಲಿ ಅಂಥ ಕಷ್ಟ ಏನೂ ಇಲ್ಲ. ಮತ್ತೆ ಯಾಕೆ ಹೀಗೆ?

ಕುಶಾಲನಗರ ನರ್ಸರಿ · ಆಗಸ್ಟ್ 3

ಅಣ್ಣ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಪ್ಪತ್ತು ವರ್ಷದಿಂದ ಗಿಡ ಮಾರುತ್ತಿದ್ದೇನೆ. ಆಪ್ರಿಕಾಟ್ ಕೇಳಿ ಬರುವವರಿಗೆಲ್ಲ ಬೇಡ ಅಂತಲೇ ಹೇಳಿ ಕಳಿಸುತ್ತೇನೆ. ಗಾಳಿಬೀಡಿನ ಮಳೆಗೆ ಇದು ಒಗ್ಗುವುದಿಲ್ಲ. ಆ ಜಾಗಕ್ಕೆ ಬೆಣ್ಣೆಹಣ್ಣು ಹಾಕಿ. ಚೆಟ್ಟಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ನಮ್ಮ ಹವಾಮಾನಕ್ಕೆ ಅಂತಲೇ ತಳಿ ಆರಿಸಿ ಕೊಟ್ಟಿದ್ದಾರೆ. ಅದನ್ನು ಬಿಟ್ಟು ಇದಕ್ಕೆ ಯಾಕೆ ಒದ್ದಾಡಬೇಕು?

ಪೊನ್ನಂಪೇಟೆ ವಿದ್ಯಾರ್ಥಿ · ಆಗಸ್ಟ್ 4

ಸರ್, ನಾನು ಇಲ್ಲಿನ ಅರಣ್ಯ ಕಾಲೇಜಿನಲ್ಲಿ ಓದುತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲೇ ಒಂದು ಗಂಟು ಇದೆ, ಅದನ್ನು ಬಿಡಿಸಿದರೆ ಉಳಿದದ್ದು ಅರ್ಥವಾಗುತ್ತದೆ.

ಚಳಿ ತಡೆಯುವುದು ಒಂದು ಗುಣ. ಚಳಿ ಬೇಕಾಗುವುದು ಇನ್ನೊಂದು. ನಾವು ಎರಡನ್ನೂ ಒಂದೇ ಅಂದುಕೊಳ್ಳುತ್ತೇವೆ.

ಚಳಿ ತಡೆಯುವ ಶಕ್ತಿ ಬರುವುದು ಶರತ್ಕಾಲದಲ್ಲಿ. ದಿನ ಚಿಕ್ಕದಾಗುತ್ತಾ, ತಂಪು ಏರುತ್ತಾ ಹೋದ ಹಾಗೆ ಗಿಡ ಜೀವಕೋಶದೊಳಗೆ ಸಕ್ಕರೆ ಅಂಶ ಹೆಚ್ಚಿಸಿಕೊಳ್ಳುತ್ತದೆ, ನೀರನ್ನು ಹೊರಗೆ ಬಿಡುತ್ತದೆ. ಒಳಗೆ ಮಂಜುಗಡ್ಡೆ ಕಟ್ಟಿ ಕೋಶ ಒಡೆಯಬಾರದು ಅಂತ ಈ ಏರ್ಪಾಡು. ನಮ್ಮಲ್ಲಿ ಈ ಶಕ್ತಿಗೆ ಕೆಲಸವೇ ಇಲ್ಲ.

ಇನ್ನೊಂದು, ನಿದ್ದೆ. ಬೇಸಿಗೆಯಲ್ಲಿ ಕಟ್ಟಿದ ಹೂಮೊಗ್ಗು ಚಳಿಗಾಲದಲ್ಲಿ ಗಾಢ ನಿದ್ದೆಗೆ ಹೋಗುತ್ತದೆ. ಅದು ಏಳಬೇಕಾದರೆ ಸುಮಾರು 0ಯಿಂದ 7 ಡಿಗ್ರಿ ನಡುವಿನ ತಂಪು ಇಷ್ಟು ಗಂಟೆ ಅಂತ ಸಿಗಲೇಬೇಕು. ಆಪ್ರಿಕಾಟ್‌ನಲ್ಲಿ ತಳಿಗೆ ತಕ್ಕಂತೆ 300ರಿಂದ 1,000 ಗಂಟೆವರೆಗೆ ಬೇಕಾಗುತ್ತದೆ. ಹಗಲು ಬಿಸಿಲೇರಿದರೆ ರಾತ್ರಿ ಕೂಡಿಟ್ಟ ಗಂಟೆಯೂ ಸ್ವಲ್ಪ ಅಳಿಸಿಹೋಗುತ್ತದೆ. ಗಂಟೆ ಸಾಲದೆ ಹೋದರೆ ಆಪ್ರಿಕಾಟ್ ಮಾಡುವುದು ನೀವು ನೋಡಿದ್ದನ್ನೇ: ಮೊಗ್ಗು ಒಳಗೇ ಸತ್ತು ಉದುರುತ್ತದೆ. ಸೇಬು ಆಗಿದ್ದರೆ ತಡವಾಗಿಯಾದರೂ ಅಲ್ಲೊಂದು ಇಲ್ಲೊಂದು ಹೂ ಬಿಡುತ್ತಿತ್ತು.

ನಿಮ್ಮ ಕಡೆ ರಾತ್ರಿ ಎಷ್ಟು ಡಿಗ್ರಿಗೆ ಇಳಿಯುತ್ತದೆ?

ಗಾಳಿಬೀಡು ತೋಟ · ಆಗಸ್ಟ್ 4

ನನ್ನ ಹತ್ತಿರ ಥರ್ಮಾಮೀಟರ್ ಇದೆ, ಕಾಫಿ ಡೈರಿಯಲ್ಲೇ ಬರೆದಿಡುತ್ತೇನೆ. ಕಳೆದ ಜನವರಿಯಲ್ಲಿ ಜಾಸ್ತಿ ರಾತ್ರಿ 12, 13. ಒಂದೇ ಒಂದು ದಿನ ಬೆಳಗ್ಗೆ 9 ತೋರಿಸಿತು. ಮಧ್ಯಾಹ್ನ 26ರ ಮೇಲೆ.

ಅಂದರೆ ಏಳು ವರ್ಷದಲ್ಲಿ ಈ ಗಿಡಕ್ಕೆ ಬೇಕಾದ ತಂಪು ಒಂದು ಗಂಟೆಯೂ ಸಿಕ್ಕಿಲ್ಲ ಅಂತಾಯಿತು. ಓದಿ ಮನಸ್ಸಿಗೆ ಒಂಥರಾ ಆಯಿತು.

ನಿವೃತ್ತ ಸುಬೇದಾರ್, ಸೋಮವಾರಪೇಟೆ · ಆಗಸ್ಟ್ 5

ಈ ಚರ್ಚೆ ನೋಡಿ ಸುಮ್ಮನೆ ಕೂರಲಾಗಲಿಲ್ಲ. ಕಾರ್ಗಿಲ್, ಲೇಹ್ ಎರಡೂ ಕಡೆ ಸೇರಿ ಐದು ಚಳಿಗಾಲ ಕಳೆದವನು ನಾನು.

ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು 1948ರ ನವೆಂಬರ್‌ನಲ್ಲಿ ಟ್ಯಾಂಕ್ ಏರಿಸಿದ ಜೋಜಿಲಾ ದಾಟಿ ಇಳಿದರೆ ದ್ರಾಸ್ ಸಿಗುತ್ತದೆ, ಅಲ್ಲಿಂದ ಮುಂದೆ ಕಾರ್ಗಿಲ್. ಕಾರ್ಗಿಲ್ ಸುತ್ತ, ಬಟಾಲಿಕ್ ಕಡೆ, ಕೆಳಗೆ ಸಿಂಧೂ ನದಿ ಪಕ್ಕದ ಊರುಗಳಲ್ಲಿ ಈ ಮರ ನಮ್ಮಲ್ಲಿ ಹಲಸಿದ್ದ ಹಾಗೆ, ಮನೆಮನೆಗೂ ಇದೆ. ಅವರು ಚುಲಿ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಎಲೆ ಬರುವ ಮೊದಲೇ ಮರ ಪೂರ್ತಿ ಹೂವು. ಸುತ್ತ ಬೋಳು ಗುಡ್ಡ, ಮಧ್ಯೆ ತಿಳಿ ಗುಲಾಬಿ. ಜುಲೈ, ಆಗಸ್ಟ್‌ನಲ್ಲಿ ಹಣ್ಣು. ಮನೆ ಮಾಳಿಗೆ ಮೇಲೆಲ್ಲ ಹರಡಿ ಒಣಗಿಸುತ್ತಾರೆ, ನಾವು ಅಂಗಳದಲ್ಲಿ ಕಾಫಿ ಹರಡುವುದಿಲ್ಲವೇ, ಹಾಗೆ.

ಓಟೆಯಲ್ಲೂ ಭೇದ ಇದೆ. ಬೀಜ ಸಿಹಿ ಇರುವ ಮರ ಬೇರೆ, ಕಹಿ ಇರುವ ಮರ ಬೇರೆ. ಬಿಳಿ ಓಟೆಯ ರಕ್ತ್ಸೆ ಕಾರ್ಪೊ ಅಂತ ಒಂದು ಜಾತಿ ಇದೆ, ಎಲ್ಲಕ್ಕಿಂತ ಸಿಹಿ. 2022ರಲ್ಲಿ ಅದಕ್ಕೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿತು, ಲಡಾಖ್‌ಗೆ ಸಿಕ್ಕ ಮೊದಲನೆಯದು. ಆದರೆ ಓಟೆ ನೆಟ್ಟು ಬಂದ ಗಿಡ ತಾಯಿಯ ಹಾಗೇ ಇರುತ್ತದೆ ಅನ್ನುವ ಹಾಗಿಲ್ಲ. ಅಲ್ಲಿನವರೂ ಒಳ್ಳೆ ಜಾತಿ ಬೇಕಾದರೆ ಕಸಿ ಕಟ್ಟುತ್ತಾರೆ.

ಈಗ ಮುಖ್ಯ ಮಾತು. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಗಾಳಿಬೀಡಿನಲ್ಲಿ ಜುಲೈನ ಒಂದು ಜೋರು ದಿನಕ್ಕೆ ಅಷ್ಟು ಬೀಳುತ್ತದೆ. ಅಲ್ಲಿ ಮರಕ್ಕೆ ನೀರು ಹಿಮ ಕರಗಿದ ಕಾಲುವೆಯಿಂದ ಬರುತ್ತದೆ, ಬುಡಕ್ಕೆ ಮಾತ್ರ. ಎಲೆ, ತೊಗಟೆ ಸದಾ ಒಣಗಿರುತ್ತದೆ. ನಿಮ್ಮ ಮಾಡಿನ ಕೆಳಗಿನ ಗಿಡಕ್ಕೆ ಅಂಟು ಬರದಿರುವುದು ಅದಕ್ಕೇ.

ಗಾಳಿಬೀಡು ತೋಟ · ಆಗಸ್ಟ್ 5

ಸುಬೇದಾರ್ ಸಾಹೇಬರೇ, ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅಣ್ಣನ ಮಗಳು ಉಳಿದ ಓಟೆ ಒಡೆದು ಬೀಜ ತಿನ್ನಲು ಹೊರಟಿದ್ದಳು, ತಡೆದೆ. ಸರಿಯೇ?

ಪೊನ್ನಂಪೇಟೆ ವಿದ್ಯಾರ್ಥಿ · ಆಗಸ್ಟ್ 5

ಒಳ್ಳೆಯದು ಮಾಡಿದಿರಿ ಸರ್. ಕಹಿ ಬೀಜದಲ್ಲಿ ಅಮಿಗ್ಡಾಲಿನ್ ಇರುತ್ತದೆ, ಅದು ಹೊಟ್ಟೆಯಲ್ಲಿ ಸೈನೈಡ್ ಆಗುತ್ತದೆ. ಮಕ್ಕಳಿಗೆ ಕೆಲವೇ ಬೀಜ ಸಾಕು, ಅಪಾಯವಾಗುತ್ತದೆ. ಮರದ ಜಾತಿ ಗೊತ್ತಿಲ್ಲದ ಓಟೆಯ ಬೀಜ ಯಾರೂ ತಿನ್ನಬೇಡಿ.

ವಿನ್ನಿಪೆಗ್‌ನಲ್ಲಿರುವ ವಿರಾಜಪೇಟೆಯವಳು · ಆಗಸ್ಟ್ 6

ಹದಿನಾಲ್ಕು ವರ್ಷದಿಂದ ಕೆನಡಾದ ವಿನ್ನಿಪೆಗ್‌ನಲ್ಲಿದ್ದೇನೆ. ಹಿತ್ತಲಲ್ಲಿ ಎರಡು ಆಪ್ರಿಕಾಟ್ ಮರ ಇವೆ. ಅಣ್ಣ, ನಿಮ್ಮ ಕಷ್ಟ ನೋಡಿ ನನ್ನ ಕಷ್ಟ ನೆನಪಾಯಿತು. ಎರಡೂ ತದ್ವಿರುದ್ಧ.

ಇಲ್ಲಿ ಜನವರಿಯಲ್ಲಿ ಮೈನಸ್ 35 ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಇಷ್ಟಕ್ಕೆ ನಿಲ್ಲುವ ಆಪ್ರಿಕಾಟ್ ಅಂದರೆ ಮಂಚೂರಿಯಾ ಮೂಲದ್ದು. ಇಲ್ಲಿಗೆ ಹತ್ತಿರದ ಮೊರ್ಡನ್ ಸಂಶೋಧನಾ ಕೇಂದ್ರದವರು ಅಲ್ಲಿನ ಬೀಜದಿಂದ ಬೆಳೆಸಿ 1937ರಲ್ಲಿ ಸ್ಕೌಟ್ ಅನ್ನುವ ತಳಿ ಬಿಟ್ಟರು. ಆಮೇಲೆ ಬಂದದ್ದು ವೆಸ್ಟ್‌ಕಾಟ್, ಬ್ರೂಕ್‌ಕಾಟ್. ನನ್ನ ಹತ್ತಿರ ಇರುವುದು ಈ ಎರಡು. ಒಂದೇ ಮರ ಇದ್ದಾಗ ಕಾಯಿ ಬೆರಳೆಣಿಕೆಯಷ್ಟು. ಪಕ್ಕದಲ್ಲಿ ಇನ್ನೊಂದು ಬಂದ ಮೇಲೆ ಕೊಂಬೆ ಬಗ್ಗುವಷ್ಟು ಕಚ್ಚಿತು. ಮಾಮೂಲಿ ಆಪ್ರಿಕಾಟ್ ಎಷ್ಟೋ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತವೆ, ಈ ಮಂಚೂರಿಯಾ ಕಡೆಯವಕ್ಕೆ ಜೋಡಿ ಬೇಕು.

ಇಷ್ಟು ಚಳಿಯಲ್ಲಿ ಮರ ಸಾಯುವುದು ಚಳಿಗಾಲದ ನಡುವೆ ಅಂತ ನಾನೂ ಅಂದುಕೊಂಡಿದ್ದೆ. ನನ್ನ ಮೊದಲ ಮರ ಹೋದದ್ದು ಮಾರ್ಚ್‌ನಲ್ಲಿ. ಹಗಲು ಬಿಸಿಲು ಹಿಮದ ಮೇಲೆ ಬಿದ್ದು ಕಾಂಡಕ್ಕೆ ಹೊಡೆಯುತ್ತದೆ, ತೊಗಟೆ ಬೆಚ್ಚಗಾಗಿ ಎಚ್ಚರಗೊಳ್ಳುತ್ತದೆ. ಸೂರ್ಯ ಮುಳುಗಿದ ಕೂಡಲೇ ಮೈನಸ್ 20. ನೈಋತ್ಯ ದಿಕ್ಕಿನ ತೊಗಟೆ ಉದ್ದಕ್ಕೆ ಸೀಳಿಹೋಯಿತು, ಬೆರಳು ತೂರುವಷ್ಟು. ಈಗ ಪ್ರತಿ ಅಕ್ಟೋಬರ್ ಕಾಂಡಕ್ಕೆ ಬಿಳಿ ಬಣ್ಣ ಬಳಿಯುತ್ತೇನೆ. ನಮ್ಮ ತೋಟದಲ್ಲಿ ಸಿಲ್ವರ್ ಮರಕ್ಕೆ, ಕಾಫಿ ಕಾಂಡಕ್ಕೆ ಅಜ್ಜ ಸುಣ್ಣ ಬಳಿಸುತ್ತಿದ್ದರು. ಅದೇ ಕೆಲಸ, ಕಾರಣ ಮಾತ್ರ ಬೇರೆ.

ಹೂವಿನದು ಇನ್ನೊಂದು ಆತಂಕ. ಈ ಜಾತಿ ನಿದ್ದೆಯಿಂದ ಬೇಗ ಏಳುತ್ತದೆ, ನಾಲ್ಕು ದಿನ ಬೆಚ್ಚಗಾದರೆ ಸಾಕು. ಅರಳಿದ ಹೂವಿಗೆ ಮೈನಸ್ 2.8 ಆದರೆ ಹತ್ತರಲ್ಲಿ ಒಂದು ಸಾಯುತ್ತದೆ, ಮೈನಸ್ 5.6 ಆದರೆ ಹತ್ತರಲ್ಲಿ ಒಂಬತ್ತು. ಮೈನಸ್ 35 ತಿಂದು ಜೀರ್ಣಿಸಿಕೊಂಡ ಮರ ಅದು! ಅದಕ್ಕೇ ಇಲ್ಲಿ ಮನೆಯ ಉತ್ತರಕ್ಕೆ ನೆಡುತ್ತಾರೆ, ಬುಡದ ಹಿಮ ನಿಧಾನ ಕರಗಲಿ, ಹೂ ತಡವಾಗಲಿ ಅಂತ. ಜುಲೈ ಮೇಲೆ ಸಾರಜನಕ ಗೊಬ್ಬರ ಹಾಕುವುದಿಲ್ಲ. ಹಾಕಿದರೆ ಎಳೆ ಚಿಗುರು ಬಂದು, ಬಲಿಯುವ ಮೊದಲೇ ಚಳಿಗೆ ಸಿಕ್ಕಿ ಸುಟ್ಟುಹೋಗುತ್ತದೆ. ಮೊಲ ತೊಗಟೆ ಕೆರೆಯದ ಹಾಗೆ ಜಾಲರಿ, ಅಷ್ಟೇ.

ನಿಮ್ಮ ಗಿಡಕ್ಕೆ ನಾನು ಯೋಚಿಸಿದ್ದು ಒಂದಿದೆ. ಇಲ್ಲಿ ಜನ ಅಂಜೂರದ ಕುಂಡವನ್ನು ಚಳಿಗಾಲಕ್ಕೆ ಗರಾಜಿಗೆ ಹಾಕುತ್ತಾರೆ. ಎಲೆ ಉದುರಿದ ಗಿಡಕ್ಕೆ ಬೆಳಕು ಬೇಡ, ಶೂನ್ಯದಿಂದ ಸ್ವಲ್ಪ ಮೇಲಿರುವ ತಂಪು ಇದ್ದರೆ ಸಾಕು. ನಿಮ್ಮ ಡ್ರಮ್ ಗಿಡವನ್ನು ಯಾವುದಾದರೂ ಕೋಲ್ಡ್ ರೂಮ್‌ಗೆ ಹಾಕಿ ನೋಡಬಹುದಲ್ವಾ?

ಬೇಕಾದರೆ ಇಲ್ಲಿನ ಓಟೆ ಕಳಿಸುತ್ತೇನೆ.

ಕುಶಾಲನಗರ ನರ್ಸರಿ · ಆಗಸ್ಟ್ 6

ಅಕ್ಕ, ಓಟೆ ಮಾತ್ರ ಕಳಿಸಬೇಡಿ. 2003ರ ಪ್ಲಾಂಟ್ ಕ್ವಾರಂಟೈನ್ ಆದೇಶ ಇದೆ, ಪರ್ಮಿಟ್ ಇಲ್ಲದೆ ಹೊರದೇಶದ ಬೀಜ ತರಿಸುವ ಹಾಗಿಲ್ಲ. ಒಂದು ರೋಗ ಒಳಗೆ ಬಂದರೆ ಅನುಭವಿಸುವುದು ಎಲ್ಲರೂ.

ಕೋಲ್ಡ್ ರೂಮ್ ವಿಚಾರ ನನಗೂ ಹೊಳೆದಿರಲಿಲ್ಲ. ಒಂದು ಗಿಡಕ್ಕೆ ಆಗಬಹುದು.

ಶನಿವಾರಸಂತೆ ಹಿತ್ತಲು · ಆಗಸ್ಟ್ 7

ನನ್ನದೂ ಒಂದು ಅನುಭವ ಹೇಳುತ್ತೇನೆ, ಇನ್ನೊಬ್ಬರಿಗೆ ಆಗಬಾರದು ಅಂತ. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಮೂರು "ಕಸಿ ಆಪ್ರಿಕಾಟ್, ಎಲ್ಲ ಹವಾಮಾನಕ್ಕೂ" ಅಂತ ನೋಡಿ ತರಿಸಿದೆ. ಒಂದೊಂದಕ್ಕೆ 650 ರೂಪಾಯಿ. ಮಗುವಿನ ಹಾಗೆ ನೋಡಿಕೊಂಡೆ. ಈ ಮಾರ್ಚ್‌ನಲ್ಲಿ ಹೂ ಬಿಟ್ಟು ಕಾಯಿ ಆಯಿತು. ಕುಣಿದಾಡುವಷ್ಟು ಖುಷಿ. ಹಣ್ಣಾದ ಮೇಲೆ ನೋಡಿದರೆ ಸಿಪ್ಪೆಯೆಲ್ಲ ಸುಂಕು, ಓಟೆ ಮೇಲೆಲ್ಲ ಗುಳಿ. ಪೀಚ್! ಫೋನ್ ಮಾಡಿದರೆ ಎತ್ತುವವರಿಲ್ಲ.

ಗಿಡ ನೋಡಿ ಮೊದಲೇ ಗುರುತಿಸುವುದು ಹೇಗೆ?

ಪೊನ್ನಂಪೇಟೆ ವಿದ್ಯಾರ್ಥಿ · ಆಗಸ್ಟ್ 7

ಎಲೆ ನೋಡಿ ಅಕ್ಕ. ಪೀಚ್ ಎಲೆ ಮಾವಿನೆಲೆ ತರ ಉದ್ದ, ಕಿರಿದು. ಆಪ್ರಿಕಾಟ್ ಎಲೆ ಅಗಲ, ಚಿಕ್ಕ ಅರಳಿ ಎಲೆಯ ಆಕಾರ, ತುದಿ ಚೂಪು. ತೊಟ್ಟು ಕೆಂಪಗಿರುತ್ತದೆ. ಓಟೆಯೂ ಗುಳಿ ಇಲ್ಲದೆ ನಯವಾಗಿರುತ್ತದೆ.

ನಿಮ್ಮ ಪೀಚ್ ಕಾಯಿ ಬಿಟ್ಟದ್ದು ಮಾತ್ರ ಒಳ್ಳೆ ಸುದ್ದಿ. ಪೀಚ್‌ನಲ್ಲಿ ಬಹಳ ಕಡಿಮೆ ಚಳಿ ಸಾಕಾಗುವ ತಳಿಗಳಿವೆ. ಅದನ್ನು ಕೀಳಬೇಡಿ.

ಗಾಳಿಬೀಡು ತೋಟ · ಆಗಸ್ಟ್ 8

ಒಂದು ಸಂಶಯ. ಹಿಮಾಚಲದ ಹರಿಮನ್ ಶರ್ಮ ಅವರ ಎಚ್‌ಆರ್‌ಎಂಎನ್-99 ಸೇಬು ಬಯಲುಸೀಮೆಯಲ್ಲೂ ಬರುತ್ತಿದೆ, 2025ರಲ್ಲಿ ಅವರಿಗೆ ಪದ್ಮಶ್ರೀಯೂ ಸಿಕ್ಕಿತು. ಸೇಬು ಆಗುವುದಾದರೆ ಆಪ್ರಿಕಾಟ್‌ನಲ್ಲೂ ಅಂಥದ್ದು ಇಲ್ಲವೇ?

ಪೊನ್ನಂಪೇಟೆ ವಿದ್ಯಾರ್ಥಿ · ಆಗಸ್ಟ್ 8

ಕಡಿಮೆ ಚಳಿಯ ಆಪ್ರಿಕಾಟ್ ಇವೆ ಸರ್. ಅಮೆರಿಕದ ಕೇಟಿ, ಗೋಲ್ಡ್ ಕಿಸ್ಟ್‌ಗೆ ಸುಮಾರು 300 ಗಂಟೆ. ಹಿಮಾಚಲದ ನಡುಗುಡ್ಡಗಳಲ್ಲಿ ನ್ಯೂ ಕ್ಯಾಸಲ್ ಬೆಳೆಯುತ್ತಾರೆ. ಆದರೆ ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ, ಆ 300 ಗಂಟೆಯೂ ಸಿಗುವುದಿಲ್ಲ. ಊಟಿ 2,240 ಮೀಟರ್, ಅಲ್ಲಿ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಿವೆ, ಪ್ಲಮ್, ಪೀಚ್ ಆಗುತ್ತದೆ. ನಮ್ಮ ಎತ್ತರ ಸಾಲದು.

ವಿಜಯಪುರ ದ್ರಾಕ್ಷಿ · ಆಗಸ್ಟ್ 9

ನಮ್ಮ ಕಡೆ ದ್ರಾಕ್ಷಿಗೆ ಚಾಟನಿ ಮಾಡಿದ (ಬಳ್ಳಿ ಸವರಿದ) ಮೇಲೆ ಕಣ್ಣು ಒಡೆದು ಚಿಗುರಲಿ ಅಂತ ಹೈಡ್ರೋಜನ್ ಸಯನಮೈಡ್ ಅನ್ನುವ ರಾಸಾಯನಿಕ ಹಚ್ಚುತ್ತೇವೆ. ಆಪ್ರಿಕಾಟ್‌ಗೆ ಅದನ್ನು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಮನೆ ಗಿಡಕ್ಕೆ ಬೇಡ. ಮೈಗೆ ತಾಗಿದರೆ ಸುಡುತ್ತದೆ. ಹಚ್ಚಿದ ದಿನ, ಅದರ ಹಿಂದೆ ಮುಂದೆ ಮದ್ಯ ಮುಟ್ಟಿದವರು ಆಸ್ಪತ್ರೆ ಸೇರಿದ್ದನ್ನು ಕಂಡಿದ್ದೇನೆ. ಅದೂ ಅಲ್ಲದೆ ಸ್ವಲ್ಪ ಕೊರತೆ ಇದ್ದರೆ ತುಂಬುತ್ತದೆಯೇ ಹೊರತು ಚಳಿಯೇ ಇಲ್ಲದ ಕಡೆ ಅದರಿಂದ ಏನೂ ಆಗದು.

ಗಾಳಿಬೀಡು ತೋಟ · ಆಗಸ್ಟ್ 10

ಎಲ್ಲರಿಗೂ ಕೈಮುಗಿದೆ. ಡ್ರಮ್ ಗಿಡವನ್ನು ಈ ಸಲ ಕೋಲ್ಡ್ ರೂಮ್‌ಗೆ ಹಾಕುವುದು ಅಂತ ತೀರ್ಮಾನಿಸಿದ್ದೇನೆ. ಹುಣಸೂರಿನ ಹತ್ತಿರ ನೆಂಟರದ್ದು ತರಕಾರಿ ಕೋಲ್ಡ್ ರೂಮ್ ಇದೆ, ಮೂಲೆಯಲ್ಲಿ ಜಾಗ ಕೊಡಲು ಒಪ್ಪಿದರು. ನೆಲದ ಗಿಡದ ಅಂಟಿಗೆ ಏನು ಮಾಡಲಿ?

ಕುಶಾಲನಗರ ನರ್ಸರಿ · ಆಗಸ್ಟ್ 10

ಅಂಟು ಅನ್ನುವುದು ರೋಗದ ಹೆಸರಲ್ಲ ಅಣ್ಣ, ಗಿಡ ಅಳುವ ರೀತಿ ಅದು. ಕಾರಣ ಹುಡುಕಬೇಕು. ಅಂಟಿನಲ್ಲಿ ಮರದ ಪುಡಿ ಸೇರಿದ್ದರೆ ಕಾಂಡ ಕೊರಕ ಹುಳ. ತಿಳಿಯಾಗಿದ್ದು ಕೆಳಗಿನ ತೊಗಟೆ ಕಂದಿ ಹುಳಿ ವಾಸನೆ ಬಂದರೆ ಕ್ಯಾಂಕರ್, ಅಂದರೆ ತೊಗಟೆ ಕೊಳೆಯುವ ರೋಗ. ಎರಡೂ ಇಲ್ಲದಿದ್ದರೆ ಬೇರಿಗೆ ನೀರು ನಿಂತಿದೆ ಅಂತ.

ಮಳೆ ಎರಡು ದಿನ ಬಿಡುವು ಕೊಟ್ಟಾಗ ಅಂಟು ತೆಗೆದು, ಕಂದಿದ ತೊಗಟೆಯನ್ನು ಹಸಿರು ಕಾಣುವವರೆಗೆ ಚೂಪು ಕತ್ತಿಯಿಂದ ಕೆರೆಯಿರಿ. ಬೋರ್ಡೋ ಮುಲಾಮು ಹಚ್ಚಿ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ಹತ್ತು ಲೀಟರ್. ಕಾಳುಮೆಣಸಿಗೆ ಬೋರ್ಡೋ ಮಾಡಿಯೇ ಇರುತ್ತೀರಿ. ಬುಡದ ಮೇಲುಗಡೆ ಚರಂಡಿ ತೆಗೆದು ನೀರು ಪಕ್ಕಕ್ಕೆ ಹರಿಸಿ.

ಪೊನ್ನಂಪೇಟೆ ವಿದ್ಯಾರ್ಥಿ · ಆಗಸ್ಟ್ 10

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಮುಲಾಮು ಕಾಂಡಕ್ಕೆ ಮಾತ್ರ. ಮೆಣಸಿಗೆ ಹೊಡೆದು ಉಳಿದ ಬೋರ್ಡೋ ಇದೆಯಲ್ಲ ಅಂತ ಎಲೆಗೆ ಹೊಡೆಯಬೇಡಿ. ಈ ಜಾತಿಯ ಎಲೆ ಬೋರ್ಡೋದಲ್ಲಿರುವ ತಾಮ್ರಕ್ಕೆ ಸುಟ್ಟು ತೂತು ಬೀಳುತ್ತದೆ. ಗಂಧಕವೂ ಆಪ್ರಿಕಾಟ್‌ಗೆ ಆಗುವುದಿಲ್ಲ.

ಕೊಂಬೆ ಕತ್ತರಿಸುವುದಿದ್ದರೆ ಈಗ ಬೇಡವೇ ಬೇಡ. ಕತ್ತರಿಸಿದ ಮೇಲೆ ಆರು ವಾರ ಮಳೆ ಬೀಳಬಾರದು. ನಮ್ಮಲ್ಲಿ ಜನವರಿಯೇ ಸರಿ, ಕಾಫಿಯ ಹೂಮಳೆಗೆ ಮೊದಲು ಗಾಯ ಒಣಗುತ್ತದೆ.

ಕೋಲ್ಡ್ ರೂಮ್‌ಗೆ ಲೆಕ್ಕ: ದಿನಕ್ಕೆ 24 ಗಂಟೆಯೂ 4 ಡಿಗ್ರಿ ಇದ್ದರೆ 42 ದಿನಕ್ಕೆ ಸಾವಿರ ಗಂಟೆ ದಾಟುತ್ತದೆ. ನವೆಂಬರ್‌ನಿಂದ ನೀರು ಕಡಿಮೆ ಮಾಡುತ್ತಾ ಬನ್ನಿ. ಉದುರದ ಎಲೆಯನ್ನು ಕೈಯಲ್ಲೇ ಬಿಡಿಸಿ. ಮಣ್ಣು ಪೂರ್ತಿ ಒಣಗಬಾರದು. ಆ ಕೋಣೆಯಲ್ಲಿ ಸೇಬು ಇಡಿಸಬೇಡಿ, ಹಣ್ಣಿನಿಂದ ಬರುವ ಎಥಿಲೀನ್ ಅನಿಲ ಮೊಗ್ಗನ್ನು ಕೊಲ್ಲುತ್ತದೆ.

ಗಾಳಿಬೀಡು ತೋಟ · ಡಿಸೆಂಬರ್ 14

ನಿನ್ನೆ ಗಿಡ ಹೋಯಿತು. ಪಿಕಪ್‌ಗೆ ಹತ್ತಿಸಲು ನಾಲ್ಕು ಜನ ಬೇಕಾಯಿತು. ಕೊಂಬೆಗೆ ಹಳೆ ಸೀರೆ ಸುತ್ತಿ ಕಳಿಸಿದೆವು. ಎಲೆ ಬಿಡಿಸುವಾಗ ಎಣಿಸಿದೆ, ಮೊಗ್ಗು ಇನ್ನೂರರ ಮೇಲೆ ಇದ್ದವು. ನೆಂಟರು ಕ್ಯಾರೆಟ್, ಬೀಟ್‌ರೂಟ್ ಪಕ್ಕ ಜಾಗ ಕೊಟ್ಟಿದ್ದಾರೆ, ಸೇಬು ಆಚೆ ಕೋಣೆಗೆ ಹೋಯಿತು.

ನೆಲದ ಗಿಡಕ್ಕೆ ಮುಲಾಮು ಹಚ್ಚಿದ ಮೇಲೆ ಹೊಸ ಅಂಟು ಬಂದಿಲ್ಲ. ಗಾಯದ ಅಂಚಿನಲ್ಲಿ ತೊಗಟೆ ಉಬ್ಬಿ ಮುಚ್ಚುತ್ತಿದೆ.

ಗಾಳಿಬೀಡು ತೋಟ · ಫೆಬ್ರವರಿ 23

ಜನವರಿ 27ಕ್ಕೆ ವಾಪಸ್ ತಂದೆ, 45 ದಿನ ಆಗಿತ್ತು. ಮೂರು ದಿನ ನೆರಳಲ್ಲಿಟ್ಟು ಆಮೇಲೆ ಬೆಳಗಿನ ಬಿಸಿಲಿಗೆ. ಮೊದಲ ಎರಡು ವಾರ ಏನೂ ಇಲ್ಲ. ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಹೋಗಿ ಬೆರಳಲ್ಲಿ ಮುಟ್ಟಿ ನೋಡುತ್ತಿದ್ದೆ. ಈ ಸಲ ಮೊಗ್ಗು ಉದುರಲಿಲ್ಲ, ಗಟ್ಟಿ ಹಿಡಿದುಕೊಂಡಿದ್ದವು.

ಮೊನ್ನೆ ತುದಿಯಲ್ಲಿ ಕೆಂಪು ಕಂಡಿತು. ಇವತ್ತು ಮೂವತ್ತಾರು ಹೂ ಅರಳಿವೆ. ಎಲೆ ಒಂದೂ ಇಲ್ಲ. ಎಸಳು ಐದು, ಬಿಳುಪಿನ ಒಳಗೆ ತಿಳಿ ಗುಲಾಬಿ. ಹೂವಿನ ಹಿಂದಿನ ಬಟ್ಟಲು ದಾಳಿಂಬೆ ಬಣ್ಣ. ಅಮ್ಮ ಕುರ್ಚಿ ಹಾಕಿಕೊಂಡು ಅದರ ಮುಂದೆ ಕೂತಿದ್ದಾರೆ.

ತುಡುವೆ ಜೇನು ಒಂದೆರಡು ಬಂದು ಹೋದವು. ಇನ್ನೊಂದು ಗಿಡದಲ್ಲಿ ಹೂವಿಲ್ಲ. ಕಾಯಿ ಕಚ್ಚಲು ನಾನು ಏನಾದರೂ ಮಾಡಬೇಕಾ?

ವಿನ್ನಿಪೆಗ್‌ನಲ್ಲಿರುವ ವಿರಾಜಪೇಟೆಯವಳು · ಫೆಬ್ರವರಿ 23

ಅಣ್ಣ! ಇಲ್ಲಿ ಸೊಂಟದವರೆಗೆ ಹಿಮ, ನಿಮ್ಮ ಹೂವಿನ ವಿಷಯ ಓದಿ ಕಣ್ಣು ತುಂಬಿತು.

ಮೆತ್ತಗಿನ ಬಣ್ಣದ ಕುಂಚ ತೆಗೆದುಕೊಳ್ಳಿ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆ ಹೊತ್ತಿಗೆ, ಒಂದು ಹೂವಿನ ಹಳದಿ ಪುಡಿಯನ್ನು ಇನ್ನೊಂದು ಹೂವಿನ ನಡುವಿನ ಹಸಿರು ತುದಿಗೆ ಮುಟ್ಟಿಸಿ. ಮೂರು ದಿನ ಮಾಡಿ. ನಿಮ್ಮದು ಲಡಾಖ್ ಕಡೆಯದ್ದು, ತನ್ನ ಪರಾಗದಲ್ಲೇ ಕಚ್ಚುವ ಸಾಧ್ಯತೆ ಇದೆ. ನಾಲ್ಕೈದಕ್ಕಿಂತ ಜಾಸ್ತಿ ಕಾಯಿ ನಿಂತರೆ ಹೆಚ್ಚಿನದ್ದನ್ನು ಕಿತ್ತುಬಿಡಿ, ಎರಡರ ನಡುವೆ ನಾಲ್ಕು ಬೆರಳು ಜಾಗ ಇರಲಿ.

ನಿವೃತ್ತ ಸುಬೇದಾರ್, ಸೋಮವಾರಪೇಟೆ · ಫೆಬ್ರವರಿ 24

ಇವತ್ತು ಬಸ್ ಹತ್ತುತ್ತಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಗಾಳಿಬೀಡಿಗೆ ಬರುತ್ತೇನೆ. ಹೂ ಉದುರುವ ಮೊದಲು ಒಮ್ಮೆ ನೋಡಬೇಕು. ಮನೆಗೆ ದಾರಿ ಹೇಳಿ.

ಗಾಳಿಬೀಡು ತೋಟ · ಫೆಬ್ರವರಿ 24

ಖಂಡಿತ ಬನ್ನಿ ಸಾಹೇಬರೇ. ದಾರಿ ನಿಮಗೆ ಮೆಸೇಜ್ ಮಾಡಿದ್ದೇನೆ. ಮಡಿಕೇರಿ ಬಸ್ ಸ್ಟ್ಯಾಂಡಿಗೆ ಜೀಪ್ ತರುತ್ತೇನೆ. ಊಟ ನಮ್ಮಲ್ಲೇ.